ಬಾಯಿ ಹೊಲಿದ ಜೇಬು

ನನಗೆ ಹತ್ತೊಂಬತ್ತು ವರ್ಷ. ಏಳನೇ ವಯಸ್ಸಿನಿಂದ ಅಸ್ತಮಾ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹನ್ನೆರಡು ವರ್ಷ ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿದೆ. ಅಮ್ಮ ಇದನ್ನು ನೆಗಡಿ ಎನ್ನುತ್ತಿದ್ದಳು. ಹನ್ನೆರಡು ವರ್ಷದ ನೆಗಡಿ! ನೆಂಟರ ಎದುರು ನಾನು ಕೆಮ್ಮಿದರೆ "ತಣ್ಣೀರು ಕುಡಿದಿದಾಳೆ" ಎನ್ನುತ್ತಿದ್ದಳು. ಎದೆ ಸೀಟಿ ಹೊಡೆಯಲು ಶುರುಮಾಡಿದರೆ ಎದ್ದು ಹೋಗಿ ರೇಡಿಯೋ ಜೋರು ಮಾಡುತ್ತಿದ್ದಳು.

ನಾನು ದಿಂಬು ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ನಗಬೇಡಿ. ಅಸ್ತಮಾ ಇಟ್ಟುಕೊಂಡು ನಾರಿನ ಧೂಳಿನೊಳಗೆ ಯಾಕೆ ಹೋದೆ ಎಂದು ಆರೋಗ್ಯ ಕೇಂದ್ರದ ನರ್ಸಮ್ಮನೂ ಕೇಳಿದಳು. "ನೀವೇ ಹೇಳಿ, ಇನ್ನೆಲ್ಲಿಗೆ ಹೋಗ್ಲಿ?" ಎಂದೆ. ಬೇಕರಿಯಲ್ಲಿ ಹಿಟ್ಟಿನ ಧೂಳು. ಮರದ ಅಂಗಡಿಯಲ್ಲಿ ಹೊಟ್ಟು. ಮನೆಗೆಲಸಕ್ಕೆ ಹೋದರೆ ಕಕ್ಕಸು ತಿಕ್ಕುವ ಆಸಿಡ್ಡಿನ ಘಾಟು. ಧೂಳಿಲ್ಲದ ಕೆಲಸಗಳನ್ನು ಓದಿದವರು ಹಂಚಿಕೊಂಡು ಆಗಿದೆ. ಅವರು ನಮಗೆ ಬಿಟ್ಟುಕೊಡುವುದಿಲ್ಲ.

ನರ್ಸಮ್ಮ ಔಷಧಿಯ ಕಪಾಟು ತೆಗೆದಳು. ನೀಲಿ ಪಂಪನ್ನು ಕೈಗಿಟ್ಟು ಇನ್ನೊಮ್ಮೆ ಪಾಠ ಹೇಳಿದಳು. ಚೆನ್ನಾಗಿ ಅಲ್ಲಾಡಿಸು. ಒಳಗಿರುವ ಉಸಿರನ್ನು ಹೊರಗೆ ಬಿಡು. ಬಾಯಿಗಿಟ್ಟು ಒತ್ತು, ಒತ್ತುತ್ತಲೇ ನಿಧಾನವಾಗಿ ಒಳಗೆಳೆದುಕೋ. ಹತ್ತು ಎಣಿಸುವವರೆಗೆ ಉಸಿರು ಬಿಡಬೇಡ. "ಕಂದು ಪಂಪು ದಿನಾ ಬೆಳಿಗ್ಗೆ ಸಂಜೆ ಮನೇಲಿ, ತಪ್ಪಿಸ್ಬೇಡ. ಈ ನೀಲೀದು ಮಾತ್ರ ಯಾವಾಗ್ಲೂ ಮೈಮೇಲೇ ಇರ್ಬೇಕು. ಎಲ್ಲೋ ಇಟ್ಟು ಬಂದೆ ಅನ್ನೋ ಮಾತೇ ಬರ್ಬಾರ್ದು" ಎಂದಳು. ನಾನು ತಲೆಯಾಡಿಸಿದೆ. ಮೈಮೇಲೆ ಎಲ್ಲಿಟ್ಟುಕೊಳ್ಳುವುದು ಎಂದು ಅವಳು ಹೇಳಲಿಲ್ಲ. ನಮ್ಮ ಅಂಗಿಗೆ ಜೇಬೇ ಇಲ್ಲ ಎಂದು ನಾನೂ ಹೇಳಲಿಲ್ಲ.

ಕಾರ್ಖಾನೆಯಲ್ಲಿ ನಾವು ಮೂವತ್ತೆಂಟು ಜನ ಹೆಂಗಸರು. ಎಲ್ಲರಿಗೂ ಮಂಡಿಯವರೆಗೆ ಬರುವ ಬಿಳಿ ಮೇಲಂಗಿ, ತಲೆಗೆ ಕಟ್ಟಲು ಬಿಳಿ ಬಟ್ಟೆ. ಅಂಗಿಗೆ ಜೇಬಿಲ್ಲ. ಬೇಡವೆಂದು ಹೇಳಿಯೇ ಹೊಲಿಸಿದ್ದು. ಜೇಬಿದ್ದರೆ ಕದಿಯುತ್ತೀರಿ ಎಂದು ನಾವು ಕೆಲಸಕ್ಕೆ ಸೇರಿದ ಮೊದಲ ದಿನವೇ ಮೇಸ್ತ್ರಿ ಮುಖಕ್ಕೆ ಹೊಡೆದಂತೆ ಹೇಳುತ್ತಾನೆ. ಏನು ಕದಿಯುವುದು? ದಿಂಬು! ಜೇಬಿನಲ್ಲಿ ದಿಂಬು ಹಾಕಿಕೊಂಡು ಹೋಗುವ ಹೆಂಗಸನ್ನು ನನಗಂತೂ ಒಮ್ಮೆ ಕಣ್ತುಂಬ ನೋಡಬೇಕೆಂದಿದೆ.

ಗೇಟಿನ ಪಕ್ಕ ನಂಬರು ಬರೆದ ತಗಡಿನ ಪೆಟ್ಟಿಗೆಗಳಿವೆ. ಫೋನು, ಊಟದ ಡಬ್ಬಿ, ಮಾತ್ರೆ, ಕನ್ನಡಕ, ಎಲ್ಲವೂ ಅದರೊಳಗೆ ಹೋಗಬೇಕು. ಕನ್ನಡಕ ಯಾಕೆಂದರೆ ಒಡೆದು ಗಾಜಿನ ಚೂರು ದಿಂಬಿಗೆ ಸೇರಿದರೆ ಕಷ್ಟವಂತೆ. ಬೀಗದ ಕೈ ಕಾವಲುಗಾರನ ಸೊಂಟದಲ್ಲಿ. ಅವನನ್ನು ಎಲ್ಲರೂ ಗೇಟಿನ ಮಾವ ಎನ್ನುತ್ತೇವೆ. ಮಧ್ಯಾಹ್ನ ಊಟಕ್ಕೊಮ್ಮೆ ತೆಗೆಯುತ್ತಾನೆ, ಸಂಜೆಗೊಮ್ಮೆ. ನಡುವೆ ಏನಾದರೂ ಬೇಕೆಂದರೆ ಬಿಲ್ಲೆ ಬೇಕು. ಬಿಲ್ಲೆ ಎಂದರೆ ಅಂಗೈಯಗಲದ ಮರದ ತುಂಡು. ಮೇಸ್ತ್ರಿಯ ಮೇಜಿನ ಹಿಂದೆ ಮೊಳೆಗೆ ನೇತುಹಾಕಿದ್ದಾನೆ. ಮೂವತ್ತೆಂಟು ಜನಕ್ಕೆ ಒಂದೇ ಬಿಲ್ಲೆ. ಕಕ್ಕಸಿಗೂ ಅದೇ, ಗೇಟಿಗೂ ಅದೇ. ಒಬ್ಬಳು ತೆಗೆದುಕೊಂಡು ಹೋದರೆ ಉಳಿದವರು ಕಾಲು ಜೋಡಿಸಿಕೊಂಡು ನಿಂತಿರಬೇಕು.

ಸೇರಿದ ಹೊಸದರಲ್ಲಿ ನಾನು ಪಂಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕದ್ದು ಒಳಗೆ ಒಯ್ಯುತ್ತಿದ್ದೆ. ಒಂದು ದಿನ ಬಗ್ಗಿ ನಾರು ಬಾಚುವಾಗ ಅದು ಜಾರಿತು. ಜಾರಿದ್ದು ಗೊತ್ತಾಗಲಿಲ್ಲ. ನಾರಿನ ಜೊತೆ ತೂಗಿಸಿಕೊಂಡು, ದಿಂಬಿನೊಳಗೆ ಹೋಗಿ, ಬಾಯಿ ಹೊಲಿಸಿಕೊಂಡು, ಅಟ್ಟಿಯಲ್ಲಿ ಹಾಯಾಗಿ ಕೂತಿತು. ಮೇಸ್ತ್ರಿ ಬೈಯುತ್ತಾ ನಿಂತ. ನಾವು ಒಂದೊಂದೇ ದಿಂಬನ್ನು ಹಿಸುಕಿ ನೋಡಿದೆವು. ಇಪ್ಪತ್ತೇಳನೆಯದರಲ್ಲಿ ಗಂಟು ಸಿಕ್ಕಿತು.

"ಸಿಗದೆ ಇದ್ದಿದ್ರೆ ಯಾವನೋ ಮಹರಾಯ ಅದ್ರ ಮೇಲೆ ತಲೆ ಇಟ್ಟು, ಕತ್ತು ಉಳುಕಿಸ್ಕೊಂಡು, ಬೆಳಿಗ್ಗೆ ಎದ್ದು ಹೆಂಡ್ತಿ ಮೇಲೆ ಎಗರಾಡ್ತಿದ್ದ!" ಎಂದು ಬಾಯಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮೇಸ್ತ್ರಿ ನಗಲಿಲ್ಲ. ಮರುದಿನದಿಂದ ಗೇಟಿನಲ್ಲಿ ಪ್ರತಿಯೊಬ್ಬಳೂ ಸೊಂಟವನ್ನು ಕೈಯಿಂದ ತಟ್ಟಿ ತೋರಿಸಿ ಒಳಗೆ ಬರಬೇಕೆಂಬ ಕಾನೂನು ಬಂತು. ನನ್ನಿಂದಾಗಿ ಮೂವತ್ತೆಂಟು ಸೊಂಟಗಳಿಗೆ ಕಷ್ಟ. ಯಾರೂ ಬೈಯಲಿಲ್ಲ, ಆದರೂ ನನಗೆ ನಾಚಿಕೆಯಾಯಿತು.

ಬಾಯಕ್ಕ ಯಾರೆಂದು ಹೇಳಲಿಲ್ಲ. ತುಂಬಿದ ದಿಂಬಿನ ಬಾಯಿಯನ್ನು ಹೊಲಿಗೆ ಯಂತ್ರದಲ್ಲಿ ಹೊಲಿದು ಮುಚ್ಚುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೊಂದೇ ಕೆಲಸ. ಅವಳ ಬಾಯಿ ಮಾತ್ರ ಮುಚ್ಚಿದ್ದನ್ನು ಯಾರೂ ಕಂಡಿಲ್ಲ. ಹಾಗಾಗಿ ಬಾಯಕ್ಕ. ನನ್ನ ಎದೆಯ ಸದ್ದು ಕೇಳಿ ನನಗೆ ಪೀಪಿ ಎಂದು ಹೆಸರಿಟ್ಟವಳೂ ಅವಳೇ. ಹನ್ನೆರಡು ವರ್ಷ ಅಮ್ಮ ರೇಡಿಯೋ ಹಾಕಿ ಮುಚ್ಚಿದ್ದನ್ನು ಅವಳು ಮೊದಲ ವಾರವೇ ಹೆಸರು ಮಾಡಿ ಕೂಗಿದಳು. ನನಗೆ ಯಾಕೋ ಹಗುರವೆನಿಸಿತು.

ನನ್ನ ಕೆಲಸ ತುಂಬುವುದು. ಹಿಂಜಿದ ನಾರನ್ನು ತೋಳುಗಟ್ಟಲೆ ಬಾಚಿಕೊಂಡು, ತಕ್ಕಡಿಗೆ ಹಾಕಿ, ಚೀಲದೊಳಗೆ ಭುಜದವರೆಗೆ ಕೈ ತೂರಿಸಿ, ನಾಲ್ಕು ಮೂಲೆಗೂ ಗುದ್ದಿ ಗುದ್ದಿ ತುಂಬಬೇಕು. ಗಂಟೆಗೆ ನಲವತ್ತು. ಮಧ್ಯಾಹ್ನದ ಹೊತ್ತಿಗೆ ತೋಳು ನಮ್ಮದಲ್ಲ. ರೆಪ್ಪೆಯ ಮೇಲೆ, ಮೂಗಿನೊಳಗೆ, ನಾಲಿಗೆಯ ಕೆಳಗೆ ನಾರು. ಫ್ಯಾನ್ ಹಾಕುವಂತಿಲ್ಲ, ನಾರು ಹಾರುತ್ತದೆ. ಕಿಟಕಿ ತೆಗೆಯುವಂತಿಲ್ಲ, ನಾರು ಹೊರಗೆ ಹೋಗುತ್ತದೆ. ಹೊರಗೆ ಹೋದ ನಾರು ನಷ್ಟ. ನಮ್ಮ ಎದೆಯೊಳಗೆ ಹೋದದ್ದನ್ನು ಯಾರೂ ನಷ್ಟ ಎನ್ನುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಹಿಂಜುವ ಯಂತ್ರದ ಹಿಂದಿನ ಬಟ್ಟೆಚೀಲ. ಆಳೆತ್ತರ ಇದೆ. ಪುಡಿನಾರು, ಧೂಳು, ಎಲ್ಲ ಅದರೊಳಗೆ ತುಂಬುತ್ತದೆ. ಅದನ್ನು ಅಂಗಳಕ್ಕೆ ಒಯ್ದು ಕೊಡವಬೇಕು. ಮೇಸ್ತ್ರಿ ಒಳಗೇ ಕೊಡವಿಸುತ್ತಾನೆ. ಆ ಪುಡಿಯನ್ನು ಗುಡಿಸಿ ಮತ್ತೆ ಯಂತ್ರಕ್ಕೆ ಹಾಕಿಸಲು.

ಒಂದು ಸೋಮವಾರ ಅವನು ಹಾಗೆ ಕೊಡವಿಸಿದ. ಎದುರಿಗಿದ್ದವಳ ಮುಖ ಕಾಣದಷ್ಟು ಧೂಳು ಎದ್ದಿತು. ಹತ್ತು ನಿಮಿಷದಲ್ಲಿ ನನ್ನ ಎದೆ ಹಿಡಿಯಿತು.

ಅಸ್ತಮಾ ಬಂದರೆ ಉಸಿರು ಒಳಗೆ ಹೋಗುವುದಿಲ್ಲ ಎಂದು ಜನ ತಿಳಿದಿದ್ದಾರೆ. ಹೋಗುತ್ತದೆ. ಹೊರಗೆ ಬರುವುದಿಲ್ಲ. ಹಳೆಯ ಉಸಿರು ಜಾಗ ಬಿಡದೆ ಕೂತಿರುತ್ತದೆ, ಹೊಸದಕ್ಕೆ ಬಾಗಿಲಲ್ಲೇ ನಿಲ್ಲುವ ಗತಿ. ಭುಜ ಕಿವಿಯವರೆಗೆ ಏರುತ್ತದೆ. ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಸೇದಿಕೊಳ್ಳುತ್ತದೆ. ಒಂದು ವಾಕ್ಯ ಪೂರ್ತಿ ಆಡಲು ಬರುವುದಿಲ್ಲ.

"ಬಿಲ್ಲೆ" ಎಂದೆ.

"ಹೊರಗಿದೆ" ಎಂದ ಮೇಸ್ತ್ರಿ. ಮೊಳೆ ಖಾಲಿಯಾಗಿತ್ತು. ಯಾರೋ ಕಕ್ಕಸಿಗೆ ಹೋಗಿದ್ದರು.

"ಪಂಪು."

"ಬಿಲ್ಲೆ ಬರ್ಲಿ."

"ಆಗ್ತಿಲ್ಲ."

"ಅವಳೂ ಅರ್ಜೆಂಟಿಗೇ ಹೋಗಿರೋದು. ನಿನಗೊಬ್ಬಳಿಗೆ ಬೇರೆ ಬಿಲ್ಲೆ ಮಾಡಿಸ್ಲಾ, ಮಹಾರಾಣಿಗೆ?"

ಅವನ ಮೇಜಿನ ಅಂಚು ಹಿಡಿದು ನಿಂತೆ. ಅವನು ನನ್ನ ಉಸಿರಿನ ಸದ್ದನ್ನು ಬಾಯಲ್ಲಿ ಅಣಕಿಸಿ ತೋರಿಸಿದ. ನನಗೆ ಬಂದ ಸಿಟ್ಟಿಗೆ ಮೇಜನ್ನೇ ಎತ್ತಿ ಹಾಕಬೇಕೆನಿಸಿತು. ಆದರೆ ಸಿಟ್ಟಿಗೂ ಉಸಿರು ಬೇಕು. ಬಿಲ್ಲೆ ಬಂತು. ಗೇಟಿಗೆ ನೂರನಲವತ್ತು ಹೆಜ್ಜೆ. ಚೆನ್ನಾಗಿರುವ ದಿನ ಎಣಿಸಿಟ್ಟುಕೊಂಡದ್ದು. ಆ ದಿನ ತೊಂಬತ್ತಕ್ಕೆ ಕಾಲು ಮಡಚಿ ಅಂಗಳದಲ್ಲೇ ಕೂತೆ. ಬಿಲ್ಲೆ ಇಲ್ಲದೆಯೇ ಬಾಯಕ್ಕ ಹಿಂದೆ ಓಡಿ ಬಂದಳು. "ಮಾವಾ! ಪೆಟ್ಟಿಗೆ ತೆಗೀ! ಹದಿನೇಳು!" ಎಂದು ಅವಳು ಕೂಗಿದ್ದು ಪಕ್ಕದ ಬೀದಿಗೂ ಕೇಳಿರಬೇಕು. ಗೇಟಿನ ಮಾವ ಪಂಪು ಹಿಡಿದು ಓಡಿ ಬಂದ. ಅಂಗಳದ ನೆಲದ ಮೇಲೆ ಕೂತು ಸೇದಿದೆ. ಬಾಯಕ್ಕ ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂತಳು. ಬಿಲ್ಲೆ ಇಲ್ಲದೆ ಹೊರಗೆ ಬಂದದ್ದಕ್ಕೆ ಅವಳನ್ನು ಸಂಜೆಯವರೆಗೆ ನಿಂತೇ ಹೊಲಿಯುವಂತೆ ಮೇಸ್ತ್ರಿ ಮಾಡಿದ.

ಮರುದಿನ ನೀರಿನ ಡ್ರಮ್ಮಿನ ಮೇಲೆ ನನ್ನ ಲೋಟ ಬೇರೆಯಾಗಿತ್ತು. ಅದರ ಅಂಚಿಗೆ ಕೆಂಪು ಬಣ್ಣ ಬಳಿದಿತ್ತು.

"ಅಂಟುಗಿಂಟು ಇದ್ರೆ? ಎಲ್ರ ಒಳ್ಳೇದಕ್ಕೇ" ಎಂದ ಮೇಸ್ತ್ರಿ.

ಮೂವತ್ತೇಳು ಬಿಳಿ ಲೋಟ, ಒಂದು ಕೆಂಪು. ಅದನ್ನು ನೋಡುತ್ತಾ ನಿಂತೆ. ಬಾಯಾರಿಕೆ ಹೋಯಿತು. ಬಾಯಕ್ಕ ಬಂದಳು, ಕೆಂಪು ಲೋಟ ಎತ್ತಿಕೊಂಡಳು, ಮೊಗೆದು ಗಟಗಟ ಕುಡಿದಳು. ನಾಲಿಗೆ ಚಪ್ಪರಿಸಿದಳು.

"ಅಯ್ಯೋ, ಈ ಲೋಟದ ನೀರು ಏನು ಸಿಹಿ ಕಣ್ರೇ!"

"ಹೌದಾ? ಎಲ್ಲಿ, ನನಗೂ ಕೊಡು" ಎಂದಳು ತೂಕದವಳು. ಅವಳಿಗೂ ನನ್ನದೇ ವಯಸ್ಸು, ತಕ್ಕಡಿಯ ಮುಂದೆ ಕೂರುತ್ತಾಳೆ. ಅವಳು ಕುಡಿದು ಮುಂದಿನವಳಿಗೆ ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಕೆಂಪು ಲೋಟಕ್ಕೆ ಸರತಿ ಸಾಲು ನಿಂತಿತು. ಬಿಳಿ ಲೋಟಗಳನ್ನು ಮುಟ್ಟುವವರಿಲ್ಲ. ನನ್ನ ಲೋಟ ನನಗೇ ಸಿಗಲಿಲ್ಲ. ನಗು ತಡೆಯಲಾರದೆ ನನಗೆ ಕೆಮ್ಮು ಬಂತು. ಅದು ಒಳ್ಳೆಯ ಕೆಮ್ಮು.

ಮೇಸ್ತ್ರಿ ಬೇರೆ ದಾರಿ ಹಿಡಿದ. ಸಂಜೆ ಕರೆದು ಟೈಪು ಮಾಡಿದ ಕಾಗದ ಮುಂದಿಟ್ಟ. ನನಗೆ ಯಾವುದೇ ಕಾಯಿಲೆ ಇರುವುದಿಲ್ಲ. ಕೆಲಸದ ವೇಳೆಯಲ್ಲಿ ನನಗೆ ಏನಾದರೂ ಆದಲ್ಲಿ ಅದಕ್ಕೆ ನಾನೇ ಹೊಣೆ. ಕೆಳಗೆ ಸಹಿಗೆ ಗೆರೆ.

"ಶನಿವಾರ ಸಂಜೆ ಒಳಗೆ ಸಹಿ ಹಾಕು. ಪಂಪು ಪೆಟ್ಟಿಗೇಲೇ ಇರುತ್ತೆ. ಹಾಕ್ದಿದ್ರೆ ಸೋಮವಾರದಿಂದ ಬರ್ಬೇಡ" ಎಂದ.

ಕಾಗದ ಮನೆಗೆ ತಂದೆ. ಅಮ್ಮ ಹೋಟೆಲಿನಲ್ಲಿ ಪಾತ್ರೆ ತೊಳೆದು ಆಗಷ್ಟೇ ಬಂದಿದ್ದಳು. ಬೆರಳ ತುದಿಗಳು ನೆನೆದು ಸುಕ್ಕುಗಟ್ಟಿದ್ದವು. ಅವಳಿಗೆ ಓದಲು ಬರುವುದಿಲ್ಲ. ನಾನು ಓದಿ ಹೇಳಿದೆ.

"ಹಾಕಿಬಿಡೇ. ಒಂದು ಸಹಿ ತಾನೆ? ಇಷ್ಟು ವರ್ಷ ನಾನೂ ಅದನ್ನೇ ಹೇಳ್ಕೊಂಡು ಬಂದಿಲ್ವಾ?"

"ನೀನು ಹೇಳಿದ್ದು ಬೇರೆ. ಇದರಲ್ಲಿ, ನಾನು ಉಸಿರು ಕಟ್ಟಿ ಬಿದ್ರೆ ತಪ್ಪು ನಂದೇ ಅಂತ ಬರೆದಿದೆ."

ಅಮ್ಮ ಒದ್ದೆ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಹಳೆಯ ಮಾತು ತೆಗೆದಳು. "ಹೊರಗೆ ಗೊತ್ತಾದ್ರೆ ನಾಳೆ ನಿನ್ನ ಯಾರು ಮಾಡ್ಕೋತಾರೆ?"

"ಮಾಡ್ಕೊಂಡೋನು ಎಷ್ಟು ದಿನ ಅಂತ ರೇಡಿಯೋ ಕೇಳ್ತಾನಮ್ಮ?"

ಅಮ್ಮನಿಗೆ ಫಕ್ಕನೆ ನಗು ಬಂತು. ಬಾಯಿಗೆ ಸೆರಗು ಅಡ್ಡ ಹಿಡಿದಳು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಸಹಿ ಹಾಕು ಎಂದು ಮತ್ತೆ ಹೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಈ ಕೆಲಸ ಹೋದರೆ ನಮ್ಮ ಒಲೆಗೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಶುಕ್ರವಾರದವರೆಗೂ ನಾನು ಆ ಕಾಗದವನ್ನು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ನೋಡಿದೆ. ಶನಿವಾರ ಊಟಕ್ಕೆ ಕೂತಾಗ ಬಾಯಕ್ಕನ ಮುಂದೆ ಇಟ್ಟೆ. ಅವಳು ಪೆಟ್ಟಿಗೆಯಿಂದ ಕನ್ನಡಕ ತೆಗೆದು ಏರಿಸಿ ಓದಿದಳು. ಬೈದಳು. ಇಲ್ಲಿ ಬರೆಯುವಂಥ ಬೈಗುಳವಲ್ಲ. ಅನ್ನದ ಕೈಯಲ್ಲೇ ನನ್ನ ಅಂಗಿಯ ಅಂಚು ಹಿಡಿದಳು.

"ಸಹಿ ಗಿಹಿ ಆಮೇಲೆ. ಮೊದ್ಲು ಈ ಅಂಗಿಗೊಂದು ಜೇಬು ಆಗ್ಬೇಕು. ಒಳಮೈಗೆ ಹೊಲಿದ್ರೆ ಹೊರಗಿಂದ ಯಾವ ನಾಯಿಗೆ ಕಾಣುತ್ತೆ? ಗಂಟೆ ಹೊಡೆಯೋಕೆ ಮುಂಚೆ ಒಳಗೆ ಬಾ. ಐದು ನಿಮಿಷದ ಕೆಲಸ."

ಪಂಪನ್ನು ತಲೆಗೆ ಕಟ್ಟಿದ ಬಟ್ಟೆಯೊಳಗೆ ತುರುಬಿನ ಹಾಗೆ ಸಿಕ್ಕಿಸಿಕೊಂಡು ಹೊರಟೆ. ಬಗ್ಗಿದರೆ ಬೀಳುತ್ತಿತ್ತು, ಆದ್ದರಿಂದ ಬಗ್ಗಲಿಲ್ಲ. ಗೇಟಿನ ಮಾವನ ಎದುರು ಸೊಂಟ ತಟ್ಟಿ ತೋರಿಸಿದೆ. ಅವನು ನನ್ನ ತಲೆಯತ್ತ ನೋಡಿದ, ಆಕಾಶದತ್ತ ನೋಡಿದ, "ಹೋಗು ಹೋಗು" ಎಂದ.

ಬಾಯಕ್ಕನ ಕನ್ನಡಕ ಪೆಟ್ಟಿಗೆಗೆ ವಾಪಸ್ಸು ಹೋಗಿತ್ತು. ಹೊಲಿಗೆ ಯಂತ್ರ ಒಳಗೆ, ಕನ್ನಡಕ ಹೊರಗೆ. ಕಣ್ಣು ಮಂಜಾದ ಈ ಎರಡು ವರ್ಷದಿಂದ ಅವಳು ಹೊಲಿಯುವುದು ಬೆರಳಿನ ಅಂದಾಜಿನ ಮೇಲೆ. ದಿಂಬಿನ ಬಟ್ಟೆಯ ತುಂಡೊಂದನ್ನು ನಾನು ಬಿಚ್ಚಿಕೊಟ್ಟ ಅಂಗಿಯ ಒಳಮೈಗೆ ಹಿಡಿದಳು. "ಅಳತೆ ನೋಡ್ಬೇಕು, ಇಲ್ಲಿ ಹಾಕು" ಎಂದಳು. ಪಂಪನ್ನು ತುಂಡಿನ ಕೆಳಗೆ ಇಟ್ಟೆ. ಬಾಗಿಲಲ್ಲಿ ಮೇಸ್ತ್ರಿಯ ಕೆಮ್ಮು ಕೇಳಿಸಿತು. ಬಾಯಕ್ಕ ಪೆಡಲು ತುಳಿದಳು. ಯಂತ್ರ ಗರ್ರೆಂದಿತು. ಗಂಟೆ ಹೊಡೆಯಿತು. ಅಂಗಿಯನ್ನು ನನ್ನ ಮುಖಕ್ಕೆ ಎಸೆದಳು. ತೊಟ್ಟುಕೊಂಡು ಓಡಿದೆ.

ಆಹಾ, ಎಂಥ ಸುಖ! ಬಗ್ಗಿದಾಗಲೆಲ್ಲ ಪಂಪು ತೊಡೆಗೆ ತಾಗುತ್ತಿತ್ತು. ನೂರನಲವತ್ತು ಹೆಜ್ಜೆ ದೂರ ಇದ್ದದ್ದು ಈಗ ಒಂದು ಗೇಣಿನಲ್ಲಿ ಇತ್ತು. ಹೆದರಿಕೆ ಇಲ್ಲದೆ ಕೆಲಸ ಮಾಡಿದರೆ ಕೈ ಎಷ್ಟು ಬೇಗ ಓಡುತ್ತದೆ ಎಂದು ಅಂದೇ ಗೊತ್ತಾದದ್ದು. ಗಂಟೆಗೆ ನಲವತ್ತನಾಲ್ಕು ತುಂಬಿದೆ. ಹಾಡು ಬೇರೆ ಗುನುಗಿದೆ.

ಮೂರು ಗಂಟೆಗೆ ಮೇಸ್ತ್ರಿ ಮತ್ತೆ ಚೀಲ ಕೊಡವಿಸಿದ.

ಎದೆ ಹಿಡಿಯಿತು. ನನಗೆ ಗಾಬರಿಯಾಗಲಿಲ್ಲ. ಮೂಲೆಗೆ ತಿರುಗಿ ನಿಂತು ಅಂಗಿಯೊಳಗೆ ಕೈ ಹಾಕಿದೆ. ಪಂಪು ಸಿಕ್ಕಿತು, ಜೇಬಿನ ಬಾಯಿ ಸಿಗಲಿಲ್ಲ. ಮೇಲೆ ಹುಡುಕಿದೆ. ಕೆಳಗೆ ಹುಡುಕಿದೆ. ಎಡಕ್ಕೆ, ಬಲಕ್ಕೆ. ನಾಲ್ಕೂ ಕಡೆ ಹೊಲಿಗೆ! ಬಾಯಕ್ಕ ಕೈಗೆ ಅಂಟಿದ ಅಭ್ಯಾಸದಲ್ಲಿ ಜೇಬಿನ ಬಾಯಿಯನ್ನೂ ಮುಚ್ಚಿ ಹೊಲಿದಿದ್ದಳು. ದಿಂಬಿನ ಹೊಲಿಗೆ ಎಂದರೆ ಗೊತ್ತಲ್ಲ, ಮಕ್ಕಳು ಮೇಲೆ ಹತ್ತಿ ಕುಣಿದರೂ ಬಿಡಬಾರದು ಎಂದು ಹೊಲಿಯುವುದು. ಎಳೆದೆ, ಹರಿಯಲಿಲ್ಲ. ಹಲ್ಲಿಗೆ ಕೊಟ್ಟೆ, ಕಚ್ಚಲು ಉಸಿರು ಸಾಲಲಿಲ್ಲ. ನನ್ನ ಉಸಿರು ನನ್ನ ಕೈಯಲ್ಲೇ ಇದೆ, ಬಟ್ಟೆಯ ಆಚೆ.

ಬಾಯಕ್ಕನ ಮೇಜಿನತ್ತ ನಡೆದೆ. ಅವಳ ಎದುರು ನಿಂತು ಅಂಗಿಯ ಒಳಮೈ ತಿರುಗಿಸಿ ತೋರಿಸಿದೆ. ಮಾತು ಹೊರಡಲಿಲ್ಲ. ಅವಳು ಬೆರಳಾಡಿಸಿ ನೋಡಿದಳು. ಬೆರಳು ನಾಲ್ಕೂ ಅಂಚು ಸುತ್ತಿ ಬಂತು. ಅವಳ ಮುಖದಲ್ಲಿ ಮೊದಲು ಬಂದದ್ದು ನಗು, ಸುಳ್ಳು ಯಾಕೆ ಹೇಳಲಿ. ಆಮೇಲೆ ಎದೆ ಬಡಿದುಕೊಂಡಳು.

"ಅಯ್ಯೋ ನನ್ನ ಕೈ ಮುರಿಯಾ! ಇದನ್ನೂ ಮುಚ್ಚಿಬಿಟ್ನಾ?"

ಕತ್ತರಿಗೆ ಸರಪಳಿ ಹಾಕಿ ಮೇಜಿಗೆ ಬಿಗಿದಿದ್ದಾರೆ. ಅದನ್ನೂ ಕದಿಯುತ್ತೇವಂತೆ. ಸರಪಳಿ ಗಿಡ್ಡ. ಅಂಗಿ ಬಿಚ್ಚುವಷ್ಟು ಹೊತ್ತಿಲ್ಲ. ತೂಕದವಳು ಓಡಿ ಬಂದು ನನ್ನನ್ನು ಎತ್ತಿ ಮೇಜಿನ ಮೇಲೆ ಕೂರಿಸಿದಳು, ತೂಗುವ ಮೂಟೆಯ ಹಾಗೆ. ಬಾಯಕ್ಕ ಕಣ್ಣು ಕಾಣದೆ ಕತ್ತರಿ ಆಡಿಸಿದಳು. "ಅಕ್ಕಾ, ಅವಳ ತೊಡೆ ಬಿಟ್ಟು ಕತ್ತರ್ಸು!" ಎಂದು ಯಾರೋ ಕೂಗಿದರು. ಹೊಲಿಗೆ ಬಿಟ್ಟಿತು. ನೀಲಿ ಪಂಪು ಮೇಜಿನ ಮೇಲೆ ಉರುಳಿತು.

"ಏನದು? ಜೇಬಾ?" ಮೇಸ್ತ್ರಿ ಹಿಂದೆಯೇ ನಿಂತಿದ್ದ. "ಅಂಗಿಗೆ ಜೇಬು ಹೊಲಿದಿದೀರಾ? ಕೊಡಿಲ್ಲಿ ಅದನ್ನ."

ಅವನ ಕೈ ಮುಂದೆ ಬಂತು. ನಾನು ಪಂಪನ್ನು ಎತ್ತಿಕೊಂಡು ಅಲ್ಲಾಡಿಸಿದೆ. ಬಿಡಲಾದಷ್ಟು ಉಸಿರು ಬಿಟ್ಟು, ಬಾಯಿಗಿಟ್ಟು ಒತ್ತಿದೆ. ಬಾಯಿ ಮುಚ್ಚಿದೆ. ಹತ್ತು ಎಣಿಸುವವರೆಗೆ ನನ್ನಿಂದ ಒಂದು ಮಾತೂ ಹೊರಡುವಂತಿಲ್ಲ.

"ನಿನ್ನನ್ನೇ ಕೇಳ್ತಿರೋದು! ಬಾಯಲ್ಲೇನು ಇಟ್ಕೊಂಡಿದೀಯ? ಮಾತಾಡು!"

"ಒಂದು" ಎಂದಳು ಬಾಯಕ್ಕ.

"ಎರಡು" ಎಂದಳು ತೂಕದವಳು.

ಮೂರಕ್ಕೆ ಹತ್ತು ಜನ ಸೇರಿದರು. "ಯಂತ್ರ ಯಾಕ್ರೀ ನಿಲ್ಸಿದ್ರಿ?" ಎಂದು ಮೇಸ್ತ್ರಿ ಕೂಗಿದ್ದು ನಾಲ್ಕು ಮತ್ತು ಐದರ ನಡುವೆ ಎಲ್ಲೋ ಮುಳುಗಿತು. ಆರು. ಏಳು. ಅವನ ತುಟಿ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಎಂಟು. ಒಂಬತ್ತನ್ನು ಯಾರೋ ಕಿಡಿಗೇಡಿಗಳು ಬೇಕೆಂದೇ ಉದ್ದ ಎಳೆದರು. ನನಗೆ ನಗು ಬಂದು ಉಸಿರು ಬಿಟ್ಟೇಬಿಡುತ್ತಿದ್ದೆ. ಹತ್ತು!

ಬಿಟ್ಟೆ. ಒಂದು ನಿಮಿಷ ಕಾದು ಎರಡನೆಯದು ಸೇದಿದೆ. ಎರಡನೇ ಎಣಿಕೆಗೆ ಬಾಗಿಲಲ್ಲಿ ನಿಂತಿದ್ದ ಗೇಟಿನ ಮಾವನ ದನಿಯೂ ಸೇರಿತ್ತು. ಐದಾರು ನಿಮಿಷ ಯಾರೂ ಕೆಲಸ ಮುಟ್ಟಲಿಲ್ಲ. ಎದೆಯ ಗಂಟು ನಿಧಾನ ಸಡಿಲವಾಯಿತು.

ಮೇಸ್ತ್ರಿ ಅಂಥದೇ ಇನ್ನೊಂದು ಕಾಗದವನ್ನೂ ಪೆನ್ನನ್ನೂ ತಂದು ನನ್ನ ತೊಡೆಯ ಮೇಲೆ ಕುಕ್ಕಿದ. "ಹಾಕು ಸಹಿ. ಈಗ್ಲೇ."

"ಹಾಕಲ್ಲ" ಎಂದೆ.

"ಹಾಗಾದ್ರೆ ಸೋಮವಾರ ಗೇಟಿನ ಒಳಗೆ ಕಾಲಿಡ್ಬೇಡ."

"ಇಡ್ತೀನಿ. ಜೇಬೂ ಇರುತ್ತೆ, ಪಂಪೂ ಇರುತ್ತೆ."

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಶನಿವಾರ ಸಂಜೆ ಅಂಗಿಗಳನ್ನು ಒಗೆಯಲು ಮನೆಗೆ ಒಯ್ಯುವುದು ನಮ್ಮಲ್ಲಿ ರೂಢಿ. ಮೇಸ್ತ್ರಿ ಅದನ್ನು ಮರೆತಿದ್ದ. ಬೀದಿಯ ತಿರುವಿನಲ್ಲಿ ಬಾಯಕ್ಕ ಎಲ್ಲರನ್ನೂ ನಿಲ್ಲಿಸಿದಳು.

"ನಾಳೆ ಎಲ್ರೂ ಅಂಗಿ ಒಗೀರಿ. ಒಗೆದು ಒಂದೊಂದು ಜೇಬು ಹೊಲೀರಿ. ಹೊರಗಡೆಗೇ ಹೊಲೀರಿ, ಎದ್ದು ಕಾಣೋ ಹಾಗೆ. ಬಾಯಿ ಬಿಟ್ಟು ಹೊಲೀರಿ, ನನ್ನ ಹಾಗೆ ಮಾಡ್ಬೇಡಿ."

ಭಾನುವಾರ ಅಮ್ಮ ನನ್ನ ಹರಿದ ಅಂಗಿ ಹಿಡಿದು ಕಿಟಕಿಯ ಬಳಿ ಕೂತಳು. ತನ್ನ ಹಸಿರು ರವಿಕೆಯ ಉಳಿದ ತುಂಡು ತೆಗೆದಳು. "ಹಸಿರು ಎದ್ದು ಕಾಣುತ್ತಮ್ಮ" ಎಂದೆ. "ಕಾಣ್ಲಿ" ಎಂದಳು. ಪಂಪನ್ನು ಕೈಯಲ್ಲಿ ಹಿಡಿದು ಉದ್ದ, ಅಗಲ ನೋಡಿದಳು. ಹನ್ನೆರಡು ವರ್ಷದಲ್ಲಿ ಅವಳು ಅದನ್ನು ಹಾಗೆ ಹಿಡಿದು ನೋಡಿದ್ದು ಅದೇ ಮೊದಲು. "ಮೇಲೊಂದು ಗುಂಡಿ ಇಡ್ಲಾ, ಬಗ್ಗಿದಾಗ ಬೀಳದ ಹಾಗೆ?" ಎಂದು ಕೇಳಿದಳು. ಗುಂಡಿಯ ಡಬ್ಬಿ ತಂದು ಅವಳ ಮುಂದೆ ಸುರಿದೆ.

ಸೋಮವಾರ ಬೆಳಿಗ್ಗೆ ಗೇಟಿನ ಮುಂದೆ ಮೂವತ್ತೆಂಟು ಜೇಬುಗಳು ಬಂದು ನಿಂತವು. ಹೂವಿನವು, ಪಟ್ಟೆಯವು, ಹಳೆ ಪರದೆಯವು. ಒಬ್ಬಳು ಮಗನ ಹಳೆಯ ಪ್ಯಾಂಟಿನ ಜೇಬನ್ನೇ ಕಿತ್ತು ಹೊಲಿದಿದ್ದಳು. ಬಾಯಕ್ಕನ ಜೇಬು ಮಂಡಿಯ ಹತ್ತಿರ ಇತ್ತು. "ಕಣ್ಣಿಗೆ ಕಂಡ ಕಡೆ ಹೊಲ್ದೆ" ಎಂದಳು. ಜೇಬಿನೊಳಗೆ ಅವಳ ಕನ್ನಡಕವಿತ್ತು. ಒಬ್ಬಳ ಜೇಬಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ. ಒಬ್ಬಳ ಜೇಬಿನಲ್ಲಿ ತಿಂಗಳ ಬಟ್ಟೆ; ಅದಕ್ಕಾಗಿ ಅವಳು ಎಷ್ಟೋ ಸಲ ಬಿಲ್ಲೆಗೆ ಕಾದು ನಿಂತು ಬಿಳಿ ಅಂಗಿ ಕೆಂಪು ಮಾಡಿಕೊಂಡಿದ್ದಳು. ಏನೂ ಬೇಕಿಲ್ಲದವರೂ ಒಂದು ಕರವಸ್ತ್ರ ಹಾಕಿಕೊಂಡು ಬಂದಿದ್ದರು. ನಾನೊಬ್ಬಳೇ ಬೇಕಾದ್ದನ್ನು ಹೊರಗೆ ಬಿಟ್ಟು ಬರುತ್ತಿದ್ದೇನೆ ಎಂದು ತಿಳಿದಿದ್ದೆ. ಎಂಥ ದಡ್ಡಿ ನಾನು.

ಮೇಸ್ತ್ರಿ ಒಳಗಿನಿಂದ ಗೇಟಿಗೆ ಅಡ್ಡ ನಿಂತಿದ್ದ. ಜೇಬುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದ.

"ಇದೇನು ನಾಟಕ? ಜೇಬು ಇರೋರು ಯಾರೂ ಒಳಗೆ ಬರೋ ಹಾಗಿಲ್ಲ."

"ಸರಿ ಬಿಡಿ" ಎಂದು ಬಾಯಕ್ಕ ಅಲ್ಲೇ ಗೋಡೆಗೆ ಒರಗಿ ಕೂತಳು. ಎಲ್ಲರೂ ಕೂತೆವು. ಬಿಸಿಲು ಹಿತವಾಗಿತ್ತು. ಬೆಳಗಿನ ಹೊತ್ತು ಬೀದಿಯಲ್ಲಿ ಸುಮ್ಮನೆ ಕೂತು ಎಷ್ಟು ವರ್ಷವಾಗಿತ್ತೋ. ಯಾರೋ ಡಬ್ಬಿ ತೆಗೆದರು. ಯಾರೋ ಬಾಯಕ್ಕನ ಮಂಡಿಯ ಜೇಬಿನ ಬಗ್ಗೆ ಹಾಡು ಕಟ್ಟಿದರು.

ಒಂಬತ್ತಕ್ಕೆ ಲಾರಿ ಬಂತು. ಯಾವುದೋ ಆಸ್ಪತ್ರೆಗೆ ಆ ದಿನ ಹೋಗಬೇಕಿದ್ದ ದಿಂಬುಗಳು ಒಳಗೆ ಅರ್ಧ ತುಂಬಿ ಬಿದ್ದಿದ್ದವು. ಡ್ರೈವರ್ ಹಾರ್ನ್ ಹೊಡೆದ. ಮೇಸ್ತ್ರಿಯ ಫೋನು ಬಡಿದುಕೊಂಡಿತು. ಅವನು ಬೆನ್ನು ತಿರುಗಿಸಿ "ಹೌದು ಯಜಮಾನ್ರೇ, ಇಲ್ಲ ಯಜಮಾನ್ರೇ" ಎಂದ. ತಿರುಗಿ ಬಂದಾಗ ದನಿ ಮೆತ್ತಗಾಗಿತ್ತು.

"ಪೀಪಿ, ನೀನು ಏಳಮ್ಮ. ಯಜಮಾನ್ರು ಒಪ್ಪಿದಾರೆ. ನೀನೊಬ್ಳು ಪಂಪು ಇಟ್ಕೋ. ಕಾಗದಾನೂ ಬೇಡ. ಉಳಿದೋರು ಜೇಬು ಬಿಚ್ಚಿ ಹಾಕಿ ಒಳಗೆ ಬನ್ನಿ."

ನನಗೆ ಬೇಕಾಗಿದ್ದುದು ಅಷ್ಟೇ ತಾನೆ? ಎದ್ದೆ. ಸುಳ್ಳು ಹೇಳುವುದಿಲ್ಲ, ಒಂದು ಹೆಜ್ಜೆ ಮುಂದಕ್ಕೂ ಇಟ್ಟೆ. ಮನೆಯ ಒಲೆ ಕಣ್ಣ ಮುಂದೆ ಬಂತು. ತಿರುಗಿ ನೋಡಿದರೆ ಬಾಯಕ್ಕ ಕನ್ನಡಕವನ್ನು ಮೂಗಿನಿಂದ ತೆಗೆದು, ಮಡಚಿ, ಪೆಟ್ಟಿಗೆಗೆ ಹಾಕಲು ಕೈಯಲ್ಲಿ ಹಿಡಿದುಕೊಂಡಿದ್ದಳು. "ಹೋಗೇ ಹುಡ್ಗಿ, ನಿಂದು ಆಯ್ತಲ್ಲ, ಹೋಗು" ಎಂದು ಕೈಬೀಸಿದಳು. ಮನಸಾರೆ ಹೇಳಿದಳು. ಅದಕ್ಕೇ ನನಗೆ ಸಿಟ್ಟು ನೆತ್ತಿಗೇರಿತು.

"ನಾನೊಬ್ಳೇ ಬರಲ್ಲ" ಎಂದೆ.

"ಯಾಕೆ? ಕೇಳಿದ್ದು ಕೊಟ್ಟಾಯ್ತಲ್ಲ!"

"ಬಾಯಕ್ಕನ್ನ ಕನ್ನಡಕ ಇಲ್ದೆ ಒಳಗೆ ಕರೀತಿದೀರಲ್ಲ ಮೇಸ್ತ್ರಿ, ಶನಿವಾರ ನನ್ನ ಪಂಪು ಹಾಕಿ ಹೊಲಿದ್ಳು. ಇವತ್ತು ನಿಮ್ಮನ್ನೇ ಹಾಕಿ ಹೊಲೀತಾಳೆ!"

ನಗು ಗೇಟಿನ ಎರಡೂ ಕಡೆ ಸಿಡಿಯಿತು. ಲಾರಿಯ ಡ್ರೈವರ್ ಸ್ಟಿಯರಿಂಗ್ ಮೇಲೆ ಬಗ್ಗಿ ನಕ್ಕ. ಗೇಟಿನ ಮಾವ ಮುಖ ತಿರುಗಿಸಿಕೊಂಡ, ಅವನ ಭುಜ ಕುಣಿಯುತ್ತಿತ್ತು. ಬಾಯಕ್ಕ ಕನ್ನಡಕವನ್ನು ಮತ್ತೆ ಮೂಗಿಗೇರಿಸಿ ಎದ್ದು ನನ್ನ ಪಕ್ಕಕ್ಕೆ ಬಂದಳು. ತೂಕದವಳು ಬಂದಳು. ಒಬ್ಬೊಬ್ಬರೇ ಎದ್ದು, ಸೀರೆ ಕೊಡವಿಕೊಂಡು, ಬಂದು ನಿಂತರು. ಹಾರ್ನ್ ಇನ್ನೊಮ್ಮೆ ಬಡಿಯಿತು.

"ಆಯ್ತು, ಆಯ್ತು" ಎಂದ ಮೇಸ್ತ್ರಿ. "ಒಬ್ಬೊಬ್ರೇ ಬನ್ನಿ. ಜೇಬಲ್ಲಿ ಏನಿದೆ ಅಂತ ತೋರ್ಸಿ ಒಳಗೆ ಹೋಗಿ."

"ತೋರ್ಸಲ್ಲ" ಎಂದಳು ಬಾಯಕ್ಕ. "ತೋರ್ಸೋಕೆ ಅದೇನು ಅಂಗಡೀನಾ? ಜೇಬು."

ಮೇಸ್ತ್ರಿ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗೇಟಿನ ಮಾವ, ಯಾರನ್ನೂ ಕೇಳದೆ, ಎರಡೂ ಕದಗಳನ್ನು ಅಗಲವಾಗಿ ತಳ್ಳಿದ. ನಾನು ಹಸಿರು ಜೇಬಿನ ಗುಂಡಿ ಬಿಚ್ಚಿ ಕೈ ಒಳಗಿಟ್ಟೆ. ಪಂಪು ಬೆಚ್ಚಗಿತ್ತು. ಪಕ್ಕದವಳೂ ಕೈ ಇಟ್ಟಳು, ಅವಳ ಪಕ್ಕದವಳೂ. ಬಾಯಕ್ಕನಿಗೆ ಮಾತ್ರ ಬಗ್ಗಿಕೊಂಡೇ ನಡೆಯಬೇಕಾಯಿತು. ಅಂಗಳದುದ್ದಕ್ಕೂ ಆತುರವಿಲ್ಲದೆ ನಡೆದೆವು.

"ಜೇಬಿಂದ ಕೈ ತೆಗೀರಿ! ಕೆಲ್ಸಕ್ಕೆ ಬರ್ತಿದೀರೋ ಮದುವೆಗೆ ಬರ್ತಿದೀರೋ? ಕೈ ತೆಗೀರಿ ಅಂದೆ!" ಎಂದು ಮೇಸ್ತ್ರಿ ಹಿಂದಿನಿಂದ ಕೂಗುತ್ತಲೇ ಇದ್ದ.

ಮೂವತ್ತೆಂಟು ಜನರಲ್ಲಿ ಒಬ್ಬಳೂ ತೆಗೆಯಲಿಲ್ಲ.